ಖಾಲಿ ತೋಟಾದ ಮೇಲಿನ ಗೀರು ಏನು ಹೇಳುತ್ತೆ?

ಲಿವರ್ ಎಳೆಯುವ ರೈಫಲ್ಲಾಗಲಿ, ನಾಡ ಪಿಸ್ತೂಲಾಗಲಿ, ತೋಟಾ ಒಳಗೆ ಹೋಗಿ ಸಿಡಿದು ಹೊರಬರುವಷ್ಟರಲ್ಲಿ ಅದರ ಹಿತ್ತಾಳೆ ಕವಚಕ್ಕೆ ಗಾಯವಾಗಿರುತ್ತೆ. ಹಿತ್ತಾಳೆ ಮೆದು, ಬಂದೂಕಿನ ಉಕ್ಕು ಗಟ್ಟಿ. ಫೈರಿಂಗ್ ಪಿನ್ ತಳದಲ್ಲಿ ಕುಳಿ ಮಾಡುತ್ತೆ. ಖಾಲಿ ಕವಚವನ್ನು ಹೊರಗೆಳೆಯುವ ಕೊಕ್ಕೆ ಅಂಚನ್ನು ಗೀರುತ್ತೆ. ಬಂದೂಕು ರಿಪೇರಿಯವರಿಗೆ ಈ ಗೀರು ದೋಷದ ಸುಳಿವು. ತನಿಖೆಗೆ ಅದೇ ಬಂದೂಕಿನ ಬೆರಳಚ್ಚು.

ಎಂ.ಎಂ. ಕಲಬುರ್ಗಿಯವರ ಹತ್ಯೆ ನಡೆದದ್ದು 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ. ಗೌರಿ ಲಂಕೇಶ್ ಹತ್ಯೆ 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು.

ಆದರೆ ನೆನಪಿರಲಿ: ಗೀರು ಬಂದೂಕನ್ನಷ್ಟೇ ಗುರುತಿಸುತ್ತೆ. ಟ್ರಿಗರ್ ಒತ್ತಿದ ಕೈ ಯಾವುದು, ಒತ್ತಿಸಿದವರು ಯಾರು ಅನ್ನೋದನ್ನ ಸಾಬೀತುಪಡಿಸಬೇಕಾದದ್ದು ತನಿಖೆ ಮತ್ತು ನ್ಯಾಯಾಲಯ.