ಎ ಡ್ರೈವ್ ಎಲ್ಲಿ ಹೋಯಿತು?

ನಿಮ್ಮೂರಿನ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಇರುವ ಕಂಪ್ಯೂಟರ್ ತೆರೆದು ನೋಡಿ. ಫೈಲುಗಳೆಲ್ಲ ಸಿ ಡ್ರೈವ್, ಡಿ ಡ್ರೈವ್‌ನಲ್ಲಿ ಇರುತ್ತವೆ. ಎ, ಬಿ ಎಲ್ಲಿ ಹೋದವು?

ಅವು ಫ್ಲಾಪಿಯ ಜಾಗ. 1981ರಲ್ಲಿ ಐಬಿಎಂ ಕಂಪನಿ ತನ್ನ ಮೊದಲ ಪಿ.ಸಿ. ಮಾರಾಟಕ್ಕೆ ತಂದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಒಂದು ಫ್ಲಾಪಿ ತೂರಿಸಿ ಯಂತ್ರ ಚಾಲೂ ಮಾಡಬೇಕು, ಇನ್ನೊಂದರಲ್ಲಿ ಮಾಡಿದ ಕೆಲಸ ಉಳಿಸಬೇಕು. ಆಮೇಲೆ ಬಂದ ಹಾರ್ಡ್ ಡಿಸ್ಕ್‌ಗೆ ಮೂರನೇ ಅಕ್ಷರ ಸಿಕ್ಕಿತು. ಫ್ಲಾಪಿ ಹೋದರೂ ಅದರ ಜಾಗ ಹಾಗೇ ಖಾಲಿ ಉಳಿಯಿತು.

ಫ್ಲಾಪಿ ಎಂದರೆ ಕಬ್ಬಿಣದ ಆಕ್ಸೈಡ್ ಪುಡಿ ಲೇಪಿಸಿದ ತೆಳು ಪ್ಲಾಸ್ಟಿಕ್ ಬಿಲ್ಲೆ. ಹಾಡಿನ ಕ್ಯಾಸೆಟ್ಟಿನ ಟೇಪ್ ಇದ್ದ ಹಾಗೆ. 1971ರಲ್ಲಿ 8 ಇಂಚು ಇತ್ತು, 1976ರಲ್ಲಿ ಐದೂಕಾಲು ಇಂಚಿಗೆ ಇಳಿಯಿತು. ನಮ್ಮಲ್ಲಿ ಹೆಚ್ಚಿನವರು ಕಂಡದ್ದು ಗಟ್ಟಿ ಕವಚದ ಮೂರೂವರೆ ಇಂಚಿನದು. ಅದರಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದು ಕಷ್ಟ. ಆದರೆ ಬರೀ ಅಕ್ಷರವಾದರೆ ಇಡೀ ಪುಸ್ತಕವೇ ಹಿಡಿಯುತ್ತಿತ್ತು.

ತೊಂಬತ್ತರ ದಶಕದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ಡಿಟಿಪಿ ಅಂಗಡಿಗಳು ತೆರೆದವು. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಊರಿನ ಕವಿಗಳ ಪುಸ್ತಕ ಎಲ್ಲ ಅಲ್ಲೇ ಟೈಪ್ ಆಗಿ, ಫ್ಲಾಪಿಯಲ್ಲಿ ಜೇಬು ಸೇರಿ, ಬಸ್ಸು ಹತ್ತಿ ಮುದ್ರಣಾಲಯ ತಲುಪುತ್ತಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕನ್ನಡ ಟೈಪ್ ಮಾಡುವುದು ಸಾಮಾನ್ಯರ ಕೈಗೂ ಎಟುಕಿತು.

ತೊಡಕು ಇರುವುದೂ ಇಲ್ಲೇ. ಆಗಿನ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರ್ ಪಾಲಿಗೆ ಒಳಗಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅವುಗಳ ಮೇಲೆ ಫಾಂಟು ಕನ್ನಡದ ರೂಪ ಹೊದಿಸುತ್ತಿತ್ತು. ಆ ಫಾಂಟು ಇಲ್ಲದ ಕಡೆ ಫೈಲು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ನಾವು ಈಗ ಮೊಬೈಲಿನಲ್ಲಿ ಓದುವುದು ಯೂನಿಕೋಡ್. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ.

ಹಾಗಾಗಿ ಆ ಕಾಲದ ಕನ್ನಡಕ್ಕೆ ಎರಡು ಬೀಗ. ಒಂದು ಫ್ಲಾಪಿ, ಇನ್ನೊಂದು ಫಾಂಟು. ಸುಮಾರು 5ನೇ ಶತಮಾನದ ಹಲ್ಮಿಡಿ ಶಾಸನವನ್ನು ಲಿಪಿ ಬಲ್ಲವರು ಇಂದಿಗೂ ಕಣ್ಣಿನಿಂದಲೇ ಓದುತ್ತಾರೆ. ಇಪ್ಪತ್ತೈದು ವರ್ಷ ಹಿಂದಿನ ಫ್ಲಾಪಿ ಓದಲು ಯಂತ್ರ ಬೇಕು, ಆ ಯಂತ್ರವೇ ಅಪರೂಪವಾಗಿದೆ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿದ್ದು 2011ರಲ್ಲಿ.

ನಿಮ್ಮ ಮನೆಯ ಟ್ರಂಕಿನಲ್ಲೋ ಹಳೇ ಡಿಟಿಪಿ ಅಂಗಡಿಯ ಅಟ್ಟದ ಮೇಲೋ ಫ್ಲಾಪಿಗಳು ಇದ್ದರೆ ಗುಜರಿಗೆ ಹಾಕಬೇಡಿ. ಯಾರೋ ಅಜ್ಜಿಯಿಂದ ಕೇಳಿ ಬರೆದುಕೊಂಡ ಸೋಬಾನೆ ಪದವೋ ಊರಿನ ನಾಟಕವೋ ಅದರಲ್ಲಿ ಇರಬಹುದು. ಮೂರೂವರೆ ಇಂಚಿನವಕ್ಕೆ ಯುಎಸ್‌ಬಿಗೆ ಚುಚ್ಚುವ ಡ್ರೈವ್ ಸಿಗುತ್ತದೆ. ಮೂಲೆಯ ಪುಟ್ಟ ಗುಂಡಿ ಸರಿಸಿ ಕಿಂಡಿ ತೆರೆದಿಟ್ಟರೆ, ಒಳಗಿನದು ಅಪ್ಪಿತಪ್ಪಿ ಅಳಿಯುವುದಿಲ್ಲ. ಬೂಸ್ಟು ಹಿಡಿದಿದ್ದರೆ ಹಾಗೇ ತೂರಿಸಬೇಡಿ, ಬಲ್ಲವರಿಗೆ ತೋರಿಸಿ. ಫೈಲು ಸಿಕ್ಕ ಮೇಲೆ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಇವೆ. ಬದಲಿಸಿದ ಪ್ರತಿಯನ್ನು ಎರಡು ಕಡೆ ಇಡಿ, ಒಂದನ್ನು ಕಾಗದದ ಮೇಲೂ ಅಚ್ಚು ಹಾಕಿಸಿ.