ಮಗುವಿನ ಅಳತೆಗೆ ತಕ್ಕ ಕಿರಣ

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮಿದುಳನ್ನು, ತಲೆಬುರುಡೆ ತೆರೆಯದೆಯೇ, ಪದರ ಪದರವಾಗಿ ನೋಡಲಾಯಿತು. ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾಗಿದ್ದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಆ ಯಂತ್ರವೇ ಸಿ.ಟಿ. ಸ್ಕ್ಯಾನರ್. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ಮೊದಲ ಯಂತ್ರ ಒಂದೊಂದು ಪದರಕ್ಕೂ ನಿಮಿಷಗಟ್ಟಲೆ ಸಮಯ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಅಲುಗಾಡದೆ ಮಲಗುವ ಮಗು ಎಲ್ಲಿದೆ? 1990ರ ದಶಕದಲ್ಲಿ, ದೇಹದ ಸುತ್ತ ನಿಲ್ಲದೆ ಸುರುಳಿಯಾಗಿ ತಿರುಗುವ ಸ್ಕ್ಯಾನರ್‌ಗಳಿಂದ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಮಕ್ಕಳ ಸ್ಕ್ಯಾನ್ ಸುಲಭವಾಯಿತು. ಸುಲಭವಾದದ್ದು ಹೆಚ್ಚೂ ಆಯಿತು.

ಎಚ್ಚರಿಕೆಯ ಮಾತು ಹಳೆಯದೇ. ಗರ್ಭಿಣಿಯರ ಎಕ್ಸ್-ರೇಗೂ ಹುಟ್ಟಿದ ಮಕ್ಕಳ ಕ್ಯಾನ್ಸರಿಗೂ ನಂಟಿದೆಯೆಂದು ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟೂವರ್ಟ್ 1956ರಲ್ಲೇ ಹೇಳಿದ್ದರು. ಅದನ್ನು ಒಪ್ಪಲು ವೈದ್ಯಲೋಕಕ್ಕೆ ವರ್ಷಗಳೇ ಹಿಡಿದವು.

ಸಿ.ಟಿ.ಯಲ್ಲಿ ಅಪಾಯ ಇನ್ನೊಂದು ಬಗೆಯಲ್ಲಿ ಅಡಗಿತ್ತು. ಹಳೆಯ ಎಕ್ಸ್-ರೇಯಲ್ಲಿ ಕಿರಣ ಹೆಚ್ಚಾದರೆ ಫಿಲಂ ಕಪ್ಪಾಗಿ ತಪ್ಪು ತಾನೇ ಬಯಲಾಗುತ್ತಿತ್ತು. ಸಿ.ಟಿ.ಯಲ್ಲಿ ಕಿರಣ ಹೆಚ್ಚಿದಷ್ಟೂ ಚಿತ್ರ ಇನ್ನಷ್ಟು ಸ್ವಚ್ಛ. ಸಣ್ಣ ದೇಹಕ್ಕೆ ಕಡಿಮೆ ವಿಕಿರಣ ಸಾಕು, ಯಂತ್ರದಲ್ಲಿ ತಗ್ಗಿಸುವ ಅನುಕೂಲವೂ ಇತ್ತು. ಆದರೂ ದೊಡ್ಡವರಿಗೆ ಹೊಂದಿಸಿದ ಪ್ರಮಾಣವನ್ನೇ ಎಷ್ಟೋ ಮಕ್ಕಳಿಗೂ ಕೊಡಲಾಗುತ್ತಿದೆ ಎಂಬುದು 2001ರಲ್ಲಿ ಅಮೆರಿಕದ ವಿಕಿರಣಶಾಸ್ತ್ರ ಪತ್ರಿಕೆಯೊಂದರ ಲೇಖನಗಳಿಂದ ಹೊರಬಿತ್ತು. 2008ರಲ್ಲಿ ಮಕ್ಕಳ ರೇಡಿಯಾಲಜಿಸ್ಟರು ಮುಂದಾಗಿ 'ಇಮೇಜ್ ಜೆಂಟ್ಲಿ' ಅಭಿಯಾನ ಆರಂಭಿಸಿದರು. ಅಗತ್ಯವಿದ್ದಾಗ ಮಾತ್ರ, ಅಗತ್ಯವಿದ್ದ ಭಾಗಕ್ಕೆ ಮಾತ್ರ, ಮಗುವಿನ ಗಾತ್ರಕ್ಕೆ ತಕ್ಕಷ್ಟು ಎಂಬುದು ಅದರ ಸಾರ.

ಅಗತ್ಯ ಯಾವುದು? ತಲೆಗೆ ಪೆಟ್ಟು ಬಿದ್ದ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಉತ್ತರ ಕೊಟ್ಟಿತು. ಮಗುವಿನ ಪ್ರಜ್ಞೆ, ವರ್ತನೆ, ಬುರುಡೆ ಮುರಿದಿರುವ ಚಿಹ್ನೆಗಳಂಥ ಕೆಲವನ್ನು ಪರೀಕ್ಷಿಸಿದರೆ, ಯಾರಿಗೆ ಸ್ಕ್ಯಾನ್ ಬೇಡವೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಹಾಗೆಂದು ಹೆದರಿ ಬೇಕಾದ ಸ್ಕ್ಯಾನನ್ನೇ ನಿರಾಕರಿಸುವುದೂ ಅಪಾಯ. 2012ರ ಬ್ರಿಟಿಷ್ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸ್ಕ್ಯಾನ್ ಮಾಡಿದರೆ ಮುಂದಿನ ದಶಕದಲ್ಲಿ ಹೆಚ್ಚುವರಿಯಾಗಿ ಒಂದು ರಕ್ತಕ್ಯಾನ್ಸರ್, ಒಂದು ಮಿದುಳಿನ ಗೆಡ್ಡೆ ಕಾಣಿಸಬಹುದು. ಮಿದುಳಿನಲ್ಲಿ ರಕ್ತ ಸೋರುತ್ತಿರುವ ಮಗುವಿನ ಮುಂದೆ ಈ ಲೆಕ್ಕ ತೀರಾ ಸಣ್ಣದು. ಸುಮ್ಮನೆ ಮಾಡಿಸಿದ ಸ್ಕ್ಯಾನಿಗೆ ಅದೇ ದೊಡ್ಡದು.

ಇಂದಿನ ಯಂತ್ರಗಳು ದೇಹದ ಗಾತ್ರ ಅರಿತು ಕಿರಣವನ್ನು ತಾವೇ ತಗ್ಗಿಸಬಲ್ಲವು. ಸ್ಕ್ಯಾನ್ ಬೇಕೇ, ಅಲ್ಟ್ರಾಸೌಂಡ್ ಸಾಲದೇ ಎಂದು ಮಾತ್ರ ಅವು ಕೇಳಲಾರವು. ಅದನ್ನು ವೈದ್ಯರು ಕೇಳಿಕೊಳ್ಳಬೇಕು. ಮಗುವನ್ನು ಎತ್ತಿಕೊಂಡು ನಿಂತ ಅಪ್ಪ ಅಮ್ಮನೂ ಸಂಕೋಚವಿಲ್ಲದೆ ಕೇಳಬಹುದು.