ಗಂಜಿಯೊಳಗಿನ ಅತಿಥಿ

ಗಂಜಿಗೆ ಅಯೋಡಿನ್ ಹಾಕಿದರೆ ನೀಲಿ ಬಣ್ಣ ಬರುತ್ತೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಆಲೂಗಡ್ಡೆ ಹೋಳಿನ ಮೇಲೆ ಒಂದು ಹನಿ ಬಿಟ್ಟು ತೋರಿಸಿದ್ದು ನಿಮಗೂ ನೆನಪಿರಬಹುದು. ನೀಲಿ ಬಂತು, ಹಾಗಾಗಿ ಪಿಷ್ಟ ಇದೆ, ಬರ್ಕೊಳ್ಳಿ.. ಅಷ್ಟೇ ಪಾಠ. ನೀಲಿ ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿಯಲ್ಲೂ ಹೇಳಲಿಲ್ಲ.

ಮೇಷ್ಟ್ರುಗಳನ್ನು ಬಯ್ಯುವ ಹಾಗೂ ಇಲ್ಲ ಬಿಡಿ. ಈ "ಯಾಕೆ"ಗೆ ಉತ್ತರ ಹುಡುಕಲು ಪ್ರಪಂಚಕ್ಕೇ ಸುಮಾರು 130 ವರ್ಷ ಹಿಡಿಯಿತು. ಆ ಕಥೆಯ ಒಂದು ಕವಲು ನಮ್ಮ ಸೊರಬ-ಶಿಕಾರಿಪುರದ ಅಡುಗೆಮನೆಗಳಿಗೂ ಬರುತ್ತೆ, ಅದಕ್ಕೇ ಬರೆಯೋಣ ಅನ್ನಿಸಿತು.

1811ರಲ್ಲಿ ಫ್ರಾನ್ಸಿನಲ್ಲಿ ಬರ್ನಾರ್ಡ್ ಕೂರ್ತುವಾ ಅನ್ನುವವನು ಸಮುದ್ರದ ಪಾಚಿಯ ಬೂದಿಯಿಂದ ಮದ್ದಿನ ಉಪ್ಪು ತಯಾರಿಸುತ್ತಿದ್ದ. ನೆಪೋಲಿಯನ್ನನ ಯುದ್ಧಗಳ ಕಾಲ, ಸಿಡಿಮದ್ದಿಗೆ ಎಲ್ಲಿಲ್ಲದ ಬೇಡಿಕೆ. ಬೂದಿಗೆ ಗಂಧಕದ ಆಮ್ಲ ಹೆಚ್ಚಾದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. ಮೂರೇ ವರ್ಷದಲ್ಲಿ, 1814ರಲ್ಲಿ, ಕೋಲಾಂ ಮತ್ತು ಗೋತಿಯೆ ದ ಕ್ಲೋಬ್ರಿ ಅನ್ನುವ ಇಬ್ಬರು ಇದು ಪಿಷ್ಟವನ್ನು ನೀಲಿ ಮಾಡುತ್ತೆ ಅಂತ ಕಂಡುಕೊಂಡರು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಗಳಗಂಡ ರೋಗಕ್ಕೆ ಅಯೋಡಿನ್ ಕೊಟ್ಟು ನೋಡಿದ. ನೀಲಿ ಬಣ್ಣ ಮತ್ತು ಗಂಟಲಿನ ಗಂಟು, ಎರಡು ಕಥೆಗಳೂ ಬೇರೆ ಬೇರೆ ದಾರಿಯಲ್ಲಿ ಹೊರಟವು. ಮತ್ತೆ ಒಂದಾಗಿದ್ದು ಉಪ್ಪಿನಲ್ಲಿ.

ನಮ್ಮಜ್ಜಿಗೆ ಗಂಟಲ ಹತ್ತಿರ ನಿಂಬೆಹಣ್ಣಿನಷ್ಟು ಗಂಟಿತ್ತು. ಸೆರಗು ಕತ್ತಿನ ಸುತ್ತ ಹೊದ್ದುಕೊಂಡೇ ಓಡಾಡುತ್ತಿದ್ದರು. ಸೊರಬದ ಕಡೆ ಅವರ ವಯಸ್ಸಿನವರು ಅದನ್ನು ಹಣೆಬರಹ ಅಂತಲೋ, ಬಾವಿ ನೀರಿನ ದೋಷ ಅಂತಲೋ ಅಂದುಕೊಂಡಿದ್ದರು. ನೀರಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಜೋರು ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತೆ. ಮಣ್ಣಿನಲ್ಲಿ ಇಲ್ಲದ್ದು ಭತ್ತದಲ್ಲಿ, ಸೊಪ್ಪಿನಲ್ಲಿ, ನೀರಿನಲ್ಲಿ ಎಲ್ಲಿಂದ ಬರಬೇಕು? "ನಾವು ತಿನ್ನೋದು ಸಮುದ್ರದ ಉಪ್ಪು ತಾನೇ?" ಅಂತ ನೀವು ಕೇಳಬಹುದು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಸಮುದ್ರದ ನೀರಿನಲ್ಲಿ ಅಯೋಡಿನ್ ಇರುವುದೇ ಅತಿ ಅಲ್ಪ, ಬರೀ ಬಿಸಿಲಿಗೆ ಒಣಗಿಸಿದ ಉಪ್ಪಿನಲ್ಲಿ ಸಾಕಾಗುವಷ್ಟು ಉಳಿಯೋದಿಲ್ಲ. ಬೇರೆಯಾಗಿ ಸೇರಿಸಲೇಬೇಕು.

ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲೇ ಸೇರಿಸಲು ಶುರು ಮಾಡಿದ್ದರು. ನಮ್ಮಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ತಂಡ 1956ರಿಂದ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಪ್ರಯೋಗ ನಡೆಸಿ, ಅಯೋಡಿನ್ ಉಪ್ಪಿನಿಂದ ಗಳಗಂಡ ಇಳಿಯುತ್ತೆ ಅಂತ ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದಕ್ಕೆ 1998ರಲ್ಲಿ ನಿಷೇಧ, 2000ದಲ್ಲಿ ಅದು ವಾಪಸ್, 2006ರಲ್ಲಿ ಮತ್ತೆ ನಿಷೇಧ! 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ನಾಡು ನಮ್ಮದು. ಉಪ್ಪಿನ ವಿಷಯದಲ್ಲಿ ಸರ್ಕಾರ ಕಾನೂನು ಮಾಡಿದರೆ ಚರ್ಚೆ ಆಗದೇ ಇರುತ್ತಾ?

ಸರಿ, ಉಪ್ಪಿನಲ್ಲಿ ಅಯೋಡಿನ್ ಇದೆ ಅಂತ ಹಳ್ಳಿಯಲ್ಲಿ ತಿಳಿಯೋದು ಹೇಗೆ? ಇಲ್ಲಿ 1814ರ ನೀಲಿ ಮತ್ತೆ ಬರುತ್ತೆ. ಆರೋಗ್ಯ ಇಲಾಖೆಯವರ ಪುಟ್ಟ ಕಿಟ್‌ನಲ್ಲಿರುವ ದ್ರಾವಣವನ್ನು ಚಿಟಿಕೆ ಉಪ್ಪಿನ ಮೇಲೆ ಹನಿಸಿದರೆ ನೀಲಿ-ನೇರಳೆ ಬಣ್ಣ ಬರುತ್ತೆ. ನಮ್ಮ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ಕಿಟ್‌ನಲ್ಲಿ ಪಿಷ್ಟದ ಜೊತೆ ಅಯೋಡೈಡ್ ಮತ್ತು ಆಮ್ಲ ಇರುತ್ತವೆ. ಮೂರೂ ಸೇರಿ ಅಯೋಡಿನ್ ಬಿಡುಗಡೆಯಾಗುತ್ತೆ, ಪಿಷ್ಟ ಅದನ್ನು ಹಿಡಿದುಕೊಳ್ಳುತ್ತೆ. (ಬರೀ ಗಂಜಿ ಸುರಿದರೆ ಏನೂ ಆಗೋದಿಲ್ಲ.)

ಹಿಡಿದುಕೊಳ್ಳುತ್ತೆ ಅಂದೆನಲ್ಲ, ಗುಟ್ಟು ಇರುವುದೇ ಅಲ್ಲಿ. ಪಿಷ್ಟದಲ್ಲಿ ಅಮೈಲೋಸ್ ಅನ್ನುವ ಉದ್ದನೆಯ ಸರಪಳಿ ಇದೆ, ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರದ ಹಾಗೆ. ಅದು ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತದೆ, ಒಂದು ಸುತ್ತಿಗೆ ಆರು ಗ್ಲೂಕೋಸ್. ಸ್ಪ್ರಿಂಗಿನ ಹೊರಮೈಗೆ ನೀರು ಇಷ್ಟ, ಒಳಗಿನ ಟೊಳ್ಳಿಗೆ ಅಷ್ಟಾಗಿ ಇಷ್ಟವಿಲ್ಲ. ಅಯೋಡಿನ್ನಿಗೂ ನೀರಿನ ಸಹವಾಸ ಅಷ್ಟಕ್ಕಷ್ಟೇ. ಅದು ಹೋಗಿ ಆ ಟೊಳ್ಳಿನಲ್ಲಿ ಸಾಲಾಗಿ ಕೂರುತ್ತೆ. ಹಾಗೆ ಸಾಲಾಗಿ ಕೂತ ಅಯೋಡಿನ್ನೇ ನೀಲಿಯಾಗಿ ಕಾಣುವುದು. 1937ರಲ್ಲಿ ಹೇನ್ಸ್, 1939ರಲ್ಲಿ ಫ್ರಾಯ್ಡನ್‌ಬರ್ಗ್ ಈ ಸುರುಳಿಯನ್ನು ಊಹಿಸಿದರು. 1943ರ ಹೊತ್ತಿಗೆ ಅಮೆರಿಕದ ರಂಡಲ್ ಮತ್ತು ಸಂಗಡಿಗರು ಎಕ್ಸ್-ರೇ ಮೂಲಕ ಅದಕ್ಕೆ ಸಾಕ್ಷಿ ಒದಗಿಸಿದರು.

ಇಂಥ ಜೋಡಿಗೆ ಇನ್‌ಕ್ಲೂಷನ್ ಕಾಂಪ್ಲೆಕ್ಸ್ ಅಂತಾರೆ. ಜಾಗ ಕೊಡುವ ಅಣು ಆತಿಥೇಯ, ಒಳಗೆ ಬಂದದ್ದು ಅತಿಥಿ. ಮದುವೆಯ ಗಂಟು ಹಾಕಿದ ಹಾಗೆ ಗಟ್ಟಿ ಬಂಧ ಇಲ್ಲ, ಬಂದು ಕೂತಿರುವುದಷ್ಟೇ. ಬಿಸಿ ಮಾಡಿದರೆ ಅತಿಥಿ ಎದ್ದು ಹೋಗುತ್ತಾನೆ, ನೀಲಿ ಮಾಯ. ಆರಿದ ಮೇಲೆ ವಾಪಸ್ ಬರುತ್ತಾನೆ :-) ತೆಳು ಗಂಜಿಗೆ ಗಾಯಕ್ಕೆ ಹಚ್ಚುವ ಬೆಟಾಡಿನ್ ಒಂದು ಹನಿ ಹಾಕಿ ನೀವೇ ನೋಡಬಹುದು. ನೋಡಿ ಚೆಲ್ಲಿಬಿಡಿ, ಕುಡಿಯಬೇಡಿ.

ಇದೇ ಪಿಷ್ಟದಿಂದ ಇನ್ನೊಂದು ಆತಿಥೇಯನೂ ಹುಟ್ಟಿದ. 1891ರಲ್ಲಿ ವಿಲಿಯೆ ಅನ್ನುವ ಫ್ರೆಂಚ್ ವಿಜ್ಞಾನಿ ಬ್ಯಾಕ್ಟೀರಿಯಾ ಪಿಷ್ಟವನ್ನು ಮುರಿದಾಗ ಸಿಕ್ಕಿದ ಹರಳುಗಳನ್ನು ವರ್ಣಿಸಿದ. 1903ರಿಂದ ಆಸ್ಟ್ರಿಯಾದ ಶಾರ್ಡಿಂಗರ್ ಅವುಗಳ ಬೆನ್ನು ಹತ್ತಿದ. ಅವೇ ಸೈಕ್ಲೋಡೆಕ್ಸ್‌ಟ್ರಿನ್‌ಗಳು: ಆರು, ಏಳು ಅಥವಾ ಎಂಟು ಗ್ಲೂಕೋಸ್ ಸೇರಿ ಆದ ಬಳೆಗಳು. ಪೈರಾಕ್ಸಿಕ್ಯಾಮ್ ಅನ್ನುವ ನೋವಿನ ಮಾತ್ರೆಯನ್ನು ಈ ಬಳೆಯೊಳಗೆ ಕೂರಿಸಿ ಮಾರುತ್ತಾರೆ, ಬೇಗ ಕರಗಲಿ ಅಂತ. 1980ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿ. ರಾಮಮೂರ್ತಿಯವರು ಇಂಥ ಟೊಳ್ಳಿನಲ್ಲಿ ಕೂತ ಅಣುವಿನ ಮೇಲೆ ಬೆಳಕು ಬಿದ್ದರೆ ಅದು ಹೇಗೆ ಬೇರೆ ರೀತಿ ವರ್ತಿಸುತ್ತೆ ಅಂತ ಅಧ್ಯಯನ ಮಾಡುತ್ತಿದ್ದರು. ಆತಿಥೇಯ-ಅತಿಥಿ ಅಣುಗಳ ಕೆಲಸಕ್ಕಾಗಿಯೇ 1987ರಲ್ಲಿ ಪೆಡರ್ಸನ್, ಕ್ರಾಮ್, ಲೇನ್ ಮೂವರಿಗೆ ನೊಬೆಲ್ ಬಂತು.

ನನಗೆ ನೊಬೆಲ್‌ಗಿಂತ ಆ ಪುಟ್ಟ ಕಿಟ್ ದೊಡ್ಡದಾಗಿ ಕಾಣುತ್ತೆ. ಅದಕ್ಕೂ ಮಿತಿ ಇದೆ. ಅಯೋಡಿನ್ ಇದೆಯೋ ಇಲ್ಲವೋ ಅಂತ ಚೆನ್ನಾಗಿ ಹೇಳುತ್ತೆ, ಎಷ್ಟಿದೆ ಅಂತ ಕರಾರುವಾಕ್ಕಾಗಿ ಹೇಳೋದಿಲ್ಲ. ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕು, ಅಂದರೆ ಒಂದು ಕೇಜಿಗೆ 15 ಮಿಲಿಗ್ರಾಂ. ಅದನ್ನು ಅಳೆಯಲು ಲ್ಯಾಬ್ ಬೇಕು. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟು ಉಪ್ಪು ನೀರೊಡೆಯಲು ಬಿಟ್ಟರೆ ಇರುವುದೂ ಕಡಿಮೆಯಾಗುತ್ತೆ.

ಈಗ ನಮ್ಮ ಬಳಗದಲ್ಲೇ ಕೆಲವರು "ನ್ಯಾಚುರಲ್" ಅಂತ ಅಯೋಡಿನ್ ಇಲ್ಲದ ಗುಲಾಬಿ ಉಪ್ಪಿಗೆ ಹೊರಳಿದ್ದಾರೆ. ಪ್ಯಾಕೆಟ್ಟಿನ ಹಿಂಬದಿ ಓದಿ ಅಂತ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ವೈದ್ಯರು ಬೇಡ ಅಂದಿದ್ದರೆ ಆ ಮಾತು ಬೇರೆ. ಇಲ್ಲದಿದ್ದರೆ, ಅಜ್ಜಿಯ ಕಾಲದ ಉಪ್ಪು ಒಳ್ಳೆಯದಿತ್ತು ಅನ್ನುವವರು ಅಜ್ಜಿಯ ಕುತ್ತಿಗೆಯನ್ನೂ ನೆನಪಿಸಿಕೊಳ್ಳಬೇಕು.

ನಿಮ್ಮೂರಿನ ಕಡೆ ಗಳಗಂಡಕ್ಕೆ ಏನಂತಿದ್ದರು, ಯಾವ ಉಪ್ಪು ಬರುತ್ತಿತ್ತು? ಗೊತ್ತಿದ್ದರೆ ಬರೆಯಿರಿ.